ದನಿಯ ಏರಿಳಿತದಿಂದ ಆಟೋಮೇಶನ್ ಗೆರೆ: ಗುಂಪಿನ ಪ್ರಶ್ನೋತ್ತರ

ಅಡ್ಮಿನ್: ಈ ವಾರದ ವಿಷಯ: ಒಂದು ಟ್ರ್ಯಾಕಿನ ದನಿ ಏರೂದು ಇಳಿಯೂದನ್ನ ಸಾಫ್ಟ್‌ವೇರಿನಿಂದ ಅಳತಿ ಮಾಡಿ, ಅದನ್ನ ಆಟೋಮೇಶನ್ ಎನ್ವಲಪ್ ಆಗಿ, ಅಂದ್ರ ಹಾಡು ಓಡುವಾಗ ಗುಂಡಿಯನ್ನ ತಾನ ತಿರಗಸೂ ಪಾಯಿಂಟುಗಳ ಗೆರೆಯಾಗಿ, ಬರಸೂದು ಹೆಂಗ. ಉತ್ತರ ಕೊಡಾವ್ರು ಬೆಳಗಾವಿಯ ಮಿಕ್ಸಿಂಗ್ ಎಂಜಿನಿಯರ್ ಮೇಡಂ. ಯಾವ ಸಾಫ್ಟ್‌ವೇರ್, ಎಷ್ಟು ಮೈಕು ಅನ್ನೂದು ಬರದ ಕೇಳ್ರಿ.

ಬಾದಾಮಿ: ನಮಸ್ಕಾರ್ರಿ ಮೇಡಂ. ಎಫ್‌ಎಲ್ ಸ್ಟುಡಿಯೋದಾಗ ಪೀಕ್ ಕಂಟ್ರೋಲರ್ (ದನಿಯ ಮಟ್ಟದಿಂದ ಬ್ಯಾರೆ ಗುಂಡಿ ತಿರಗಸೂ ಪ್ಲಗಿನ್) ಹಾಕಿದ ಕೂಡಲೇ ಆ ಚಾನೆಲ್ಲಿನ ಸೌಂಡ ಹೋಗಿಬಿಡ್ತು.

ಎಂಜಿನಿಯರ್: ಪೀಕ್ ಕಂಟ್ರೋಲರಿನ ಒಳಗ ಮ್ಯೂಟ್ ಬಟನ್ ಐತಿ, ಅದು ಮೊದಲಿಂದನ ಆನ್ ಇರತೈತಿ. ಆಫ್ ಮಾಡ್ರಿ. ಕೈಲಿ ತಿದ್ದಾಕ ಬರುವಂಥ ಗೆರೆ ಬೇಕಾದ್ರ ಆಟೋಮೇಶನ್ ಕ್ಲಿಪ್ಪಿನ ಮೆನುದಾಗ 'ಅನಲೈಸ್ ಆಡಿಯೋ ಫೈಲ್' ನೋಡ್ರಿ, ಫೈಲಿನ ದನಿಯಿಂದ ನೇರ ಗೆರೆ ಬರೀತೈತಿ.

ಟಿಳಕವಾಡಿ: ರೀಪರ್‌ದಾಗ ಪ್ಯಾರಾಮೀಟರ್ ಮಾಡ್ಯುಲೇಶನ್ ಹಚ್ಚೀನ್ರಿ, ಆಡಿಯೋ ಕಂಟ್ರೋಲ್ ಸಿಗ್ನಲ್ ಟಿಕ್ ಮಾಡೀನಿ. ಗುಂಡಿ ತಿರಗತೈತಿ, ಆದ್ರ ಎನ್ವಲಪ್ ಮ್ಯಾಲ ಒಂದೂ ಪಾಯಿಂಟ್ ಇಲ್ಲ.

ಎಂಜಿನಿಯರ್: ಬರಂಗಿಲ್ಲ. ಅದು ಹಾಡು ಓಡುವಾಗಷ್ಟ ಗುಂಡಿ ತಿರಗಸತೈತಿ, ಪಾಯಿಂಟ್ ಹಾಕಂಗಿಲ್ಲ. ಪಾಯಿಂಟ್ ಬೇಕಂದ್ರ ತನ್ನ ಫೇಡರಿನ (ದನಿ ಏರಿಸಿ ಇಳಸೂ ಗುಂಡಿ) ಓಡಾಟವನ್ನ ತಾನ ಬರಿಯೂ ಪ್ಲಗಿನ್ ಬೇಕು, ದನಿಯನ್ನ ಒಂದ ಮಟ್ಟಕ್ಕ ತರೂ ವೋಕಲ್ ರೈಡರ್ ಥರದ್ದು. ಅದರ ಫೇಡರ್ ಎನ್ವಲಪ್ ರೈಟ್ (ಬರಿಯೂ) ಮೋಡಿಗೆ ಹಾಕ್ರಿ, ಹಾಡು ಪೂರ್ತಿ ಒಮ್ಮೆ ಓಡಸ್ರಿ, ನಿಲ್ಲಿಸಿದ ಕೂಡಲೇ ರೀಡಿಗೆ (ಬರದದ್ದನ್ನ ಓದೂದಷ್ಟ ಮಾಡೂ ಮೋಡ್) ತರ್ರಿ. ಮರತ್ರ ಮುಂದಿನ ಪ್ಲೇದಾಗ ಬರದದ್ದರ ಮ್ಯಾಲನ ಮತ್ತ ಬರೀತೈತಿ.

ಗೋಕಾಕ: ಮೇಡಂ, ಗೀಗೀ ಪದದ ರೆಕಾರ್ಡಿಂಗ್ ಐತ್ರಿ. ಮುಖ್ಯ ಗಾಯಕರಿಗೆ ಒಂದು ಮೈಕು, ಹಿಮ್ಮೇಳಕ್ಕ ಒಂದು. ದಪ್ಪು ಬಾರಸಾವ್ರು ಗಾಯಕರ ಮಗ್ಗಲದಾಗ ನಿಂತಿದ್ರು. ರೀಪರ್‌ದಾಗ ವೋಕಲ್ ರೈಡರ್ ಹಾಕಿ ಬರಸಿದ್ರ, ದಪ್ಪಿನ ಪ್ರತಿ ಏಟಿಗೂ ಗಾಯಕರ ದನಿ ಕುಗ್ಗಿ ಏಳತೈತಿ, ಉಸುರು ಹಿಡದು ಬಿಟ್ಟಂಗ. ಮತ್ತ ಹಾಡಸೂದು ಸಾಧ್ಯ ಇಲ್ರಿ.

ಎಂಜಿನಿಯರ್: ಇದನ್ನ ನಾನು ಪೂರ್ತಿ ಬರೀತೀನಿ, ಈ ಭಾಗದಾಗ ಎಲ್ಲಾರಿಗೂ ಬರೂ ತ್ರಾಸ ಇದು.

ನಿಮ್ಮ ಪ್ಲಗಿನ್ ಗಾಯಕರನ್ನ ಅಳಿಯಾಕತ್ತಿಲ್ಲ, ಆ ಮೈಕಿನಾಗ ಬಿದ್ದದ್ದನ್ನೆಲ್ಲ ಅಳಿಯಾಕತ್ತೈತಿ. ಲೆಕ್ಕ ಹಾಕಿ ನೋಡ್ರಿ. ಗಾಯಕರ ದನಿ -24 ಡಿಬಿ (ಡೆಸಿಬಲ್; 0ಗೆ ಹತ್ರ ಇದ್ದಷ್ಟು ದನಿ ಜೋರು), ಅದ ಮೈಕಿನಾಗ ದಪ್ಪಿನ ಏಟು -12, ಟಾರ್ಗೆಟ್ (ದನಿ ಇರಬೇಕಾದ ಮಟ್ಟ) -18 ಅಂತ ಹಿಡೀರಿ. ದನಿ ಒಂದ ಇದ್ದಾಗ ಪ್ಲಗಿನ್ +6 ಎತ್ತತೈತಿ, ಏಟು ಬಿದ್ದಾಗ -6 ಇಳಸತೈತಿ. ಏಟಿಗೊಮ್ಮೆ 12 ಡಿಬಿ ಜೋಕಾಲಿ. ಟಾರ್ಗೆಟ್ ಬದಲಿಸಿದ್ರ ಇದು ಹೋಗಂಗಿಲ್ಲ.

ಅಳಿಯಾಕ ಬ್ಯಾರೆ ನಕಲು ಮಾಡ್ರಿ. ಗಾಯಕರ ಟ್ರ್ಯಾಕನ್ನ ಡೂಪ್ಲಿಕೇಟ್ ಮಾಡಿ, ನಕಲಿನ ಮಾಸ್ಟರ್ ಸೆಂಡ್ (ಮುಖ್ಯ ಔಟ್‌ಪುಟ್ಟಿಗೆ ಹೋಗೂ ದಾರಿ) ತಗೀರಿ. ಮ್ಯೂಟ್ ಮಾಡಬ್ಯಾಡ್ರಿ, ಮ್ಯೂಟ್ ಆದ ಟ್ರ್ಯಾಕಿನ ಪ್ಲಗಿನ್ ಓಡದ ನಿಲ್ಲಬಹುದು. ನಕಲಿನ ಮ್ಯಾಲ ಮೊದಲು ಈಕ್ಯೂ (ಹರ್ಟ್ಝ್ ನೋಡಿ ದನಿ ಕಡಿಯೂ ಪ್ಲಗಿನ್): 250 ಹರ್ಟ್ಝ್ ಕೆಳಗಿಂದು, 4 ಕಿಲೋಹರ್ಟ್ಝ್ ಮ್ಯಾಲಿಂದು ಕಡೀರಿ. ಕೇಳಾಕ ಡಬ್ಬಿಯೊಳಗಿಂದ ಬಂದಂಗ ಅನಸತೈತಿ, ಅನಸಲಿ, ಅದನ್ನ ಯಾರೂ ಕೇಳಂಗಿಲ್ಲ. ಈಕ್ಯೂ ಆದಮ್ಯಾಲ ರೈಡರ್.

ದಪ್ಪಿನ ಚರ್ಮದ ಏಟಿನಾಗ ಮ್ಯಾಲಿನ ದನಿನೂ ಇರತೈತಿ, ಹಿಂಗಾಗಿ ಈಕ್ಯೂ ಒಂದರಿಂದ ಮುಗಿಯಂಗಿಲ್ಲ. ಏಟು 10 ಡಿಬಿ ಇಳದು -22 ಆತು ಅನ್ರಿ. ಆಗ ದನಿ, ಏಟು ಕೂಡಿ -20 ಸುಮಾರು, ಇನ್ನೂ 4 ಡಿಬಿ ಜಿಗಿತ ಉಳೀತು. ಈಗ ಸರಾಸರಿ ಅವಧಿ (ಎಷ್ಟು ಹೊತ್ತಿನ ದನಿ ಕೂಡಿಸಿ ಮಟ್ಟ ಅಳಿಯೂದು) 300 ಮಿಲಿಸೆಕೆಂಡ್ ಇಡ್ರಿ, ರೈಡರ್‌ದಾಗ ಅಂದ್ರ ಅಟ್ಯಾಕ್ ಸ್ಲೋ. ಏಟು 60 ಮಿಲಿಸೆಕೆಂಡಿನದು, 300ರಾಗ ಐದನೇ ಒಂದು ಪಾಲು. ಸರಾಸರಿ -22.8 ಬರತೈತಿ. ತಪ್ಪು 1.2 ಡಿಬಿಗೆ ಬಂದು ನಿಂತಿತು. ಎರಡೂ ಕೂಡೇ ಬೇಕು. ಈಕ್ಯೂ ಬಿಟ್ಟು ಅವಧಿ ಒಂದ ಹಿಗ್ಗಿಸಿದ್ರ ಇನ್ನೂ 6 ಡಿಬಿ ತಪ್ಪ ಅಳೀತೈತಿ.

ಅವಧಿ ಹಿಗ್ಗಿಸಿದ್ರ ಗೆರೆ ತಡಾ ಆಗತೈತಿ, ಸುಮಾರು ಅದರ ಅರ್ಧ, 150 ಮಿಲಿಸೆಕೆಂಡ್. ಲೈವ್ ಓಡಿಸಿದ್ರ ಇದಕ್ಕ ಮದ್ದಿಲ್ಲ. ಬರದ ಪಾಯಿಂಟ್ ಆದ್ರ ಎಲ್ಲಾ ಆರಿಸಿ 150 ಎಡಕ್ಕ ಸರಸಬಹುದು. ಗೆರೆ ಬರಿಯೂದು ಇದಕ್ಕ.

ಪಾಯಿಂಟ್ ಕಾಪಿ ಮಾಡಿ ಮೂಲ ಟ್ರ್ಯಾಕಿನ ರೈಡರ್ ಫೇಡರ್ ಎನ್ವಲಪ್ಪಿಗೆ ಅಂಟಸ್ರಿ. ಕರ್ಸರ್ ಮೊದಲ ಪಾಯಿಂಟಿನ ಜಾಗಾದಾಗನ ಇರಬೇಕು, ಇಲ್ಲಂದ್ರ ಗೆರೆ ಪೂರ್ತಿ ಸರೀತೈತಿ. ಮೂಲದ ರೈಡರ್ ರೀಡಿನಾಗ ಇರಲಿ. 10 ಮಿಲಿಸೆಕೆಂಡಿಗೊಂದು ಪಾಯಿಂಟ್ ಬಿದ್ದಿದ್ರ 6 ನಿಮಿಷಕ್ಕ 36,000 ಆಗತಾವ. 'ರಿಡ್ಯೂಸ್ ನಂಬರ್ ಆಫ್ ಪಾಯಿಂಟ್ಸ್' ಕೊಟ್ಟು ಇಳಸ್ರಿ.

ಹಿಮ್ಮೇಳದವರು ಸೊಲ್ಲು ಎತ್ತಿಕೊಂಡಾಗ ಗಾಯಕರು ಸುಮ್ಮನಿರತಾರ. ಅಲ್ಲೆಲ್ಲ ಕೈಲೆ 0ಗೆ ಸಪಾಟ ಗೆರೆ ಎಳೀರಿ. ರೇಂಜ್ (ರೈಡರ್ ಎತ್ತಿ ಇಳಸೂ ಮಿತಿ) ±3 ಡಿಬಿಗಿಂತ ಹೆಚ್ಚು ಇಡಬ್ಯಾಡ್ರಿ. ಸಾಲಿನ ಕೊನೀಗೆ ದನಿ ಎತ್ತೂದು ಗಾಯಕರ ಕೆಲಸ, ಅದನ್ನ ಚಪ್ಪಟೆ ಮಾಡಿದ್ರ ಪದ ಸಾಯತೈತಿ.

ಇಂಡಿ: ಇದು ಬ್ಯಾರೆ ಗುಂಪಿನಾಗ ಬಂದೈತಿ ನೋಡ್ರಿ: 'ಎಲ್ಲಾ ಟ್ರ್ಯಾಕ್ 0 ಡಿಬಿಗೆ ನಾರ್ಮಲೈಸ್ ಮಾಡಿ, ಅಟ್ಯಾಕ್ 0 ರಿಲೀಸ್ 0 ಇಡಿ, ಎನ್ವಲಪ್ 100% ಪರ್ಫೆಕ್ಟ್ ಬರುತ್ತದೆ. ಎಲ್ಲರಿಗೂ ಶೇರ್ ಮಾಡಿ.'

ಎಂಜಿನಿಯರ್: ಶೇರ್ ಮಾಡಬ್ಯಾಡ್ರಿ. ಅಟ್ಯಾಕ್, ರಿಲೀಸ್ (ದನಿ ಏರಿದಾಗ, ಇಳದಾಗ ಗೆರೆ ಓಗೊಡಾಕ ಹಿಡಿಯೂ ಹೊತ್ತು) 0 ಇಟ್ರ ಗೆರೆ ದನಿಯ ಮಟ್ಟ ಹಿಡಿಯಂಗಿಲ್ಲ, ತರಂಗವನ್ನ ಹಿಡೀತೈತಿ. ಕರೆಂಟಿನ 50 ಹರ್ಟ್ಝ್ ಹಮ್ ಇದ್ರ ಗೆರೆ ಸೆಕೆಂಡಿಗೆ 100 ಸಲ ಅಲ್ಲಾಡತೈತಿ, ಹಾಡು ಗರಗರ ಅಂತೈತಿ. ನಾರ್ಮಲೈಸ್ (ಟ್ರ್ಯಾಕ್ ಪೂರ್ತಿ ಒಂದ ಅಳತಿಲೆ ಎತ್ತೂದು) ಮಾಡಿದ್ರ ಜೋಕಾಲಿ ಅಷ್ಟ ಉಳೀತೈತಿ, ಗದ್ದಲಾನೂ ಅಷ್ಟ ಏರತೈತಿ. ಹಿಂಥಾ ಫಾರ್ವರ್ಡ್ ಇಲ್ಲಿ ತರಬ್ಯಾಡ್ರಿ, ಕೈ ಮುಗೀತೀನಿ.

ಜಮಖಂಡಿ: ಇಷ್ಟೆಲ್ಲ ಯಾಕ್ರಿ, 4:1 ಕಂಪ್ರೆಸರ್ (ಜೋರಾದ ದನಿಯನ್ನ ಒತ್ತೂ ಪ್ಲಗಿನ್) ಹಾಕಿದ್ರ ಆತು.

ಮುಧೋಳ: ಅಣ್ಣಾರ, ಆ ಕಂಪ್ರೆಸರ್ ದಪ್ಪಿನ ಏಟಿಗೇ ಮೊದಲು ಒತ್ತತೈತಿ. ಗೋಕಾಕದವರ ತ್ರಾಸ ಅದ ಅಲ್ಲೇನ್ರಿ?

ಜಮಖಂಡಿ: ಸೈಡ್‌ಚೈನ್ ಫಿಲ್ಟರ್ ಅಂತ ಇರತೈತಿ, ಕಂಪ್ರೆಸರ್ ಅಳಿಯೂ ದನಿಯನ್ನಷ್ಟ ಸೋಸತೈತಿ, ಕೇಳೀರೇನು?

ಮುಧೋಳ: ಕೇಳೀನಿ. ಸಾಲಿಗೊಂದು ಏರಿಳಿತ ಸರಿ ಮಾಡೂದು ಫೇಡರಿನ ಕೆಲಸ, ಅಕ್ಷರದ ಕುಡಿ ಹಿಡಿಯೂದು ಕಂಪ್ರೆಸರಿನ ಕೆಲಸ. ಎರಡೂ ಒಂದ ಅಲ್ಲ.

ತಾಳಿಕೋಟಿ: ಮೊಬೈಲ್ ಆ್ಯಪ್‌ದಾಗ ಇದನ್ನ ಮಾಡಾಕ ಬರತೈತೇನ್ರಿ?

ಸವದತ್ತಿ: ಮೇಡಂ, ಚೌಡಕಿ ಪದದಾಗ ಸಾಲು ಮುಗಿದಮ್ಯಾಲ ಫ್ಯಾನಿನ ಸಪ್ಪಳ ಮ್ಯಾಲೆದ್ದು ಬರತೈತಿ.

ಎಂಜಿನಿಯರ್: ದನಿ ಇಲ್ಲದಲ್ಲಿ ಪ್ಲಗಿನ್ ಗದ್ದಲವನ್ನ ಎತ್ತಾಕತ್ತೈತಿ. ವೋಕಲ್ ಸೆನ್ಸಿಟಿವಿಟಿ (ಎಷ್ಟು ಸಣ್ಣ ಸಪ್ಪಳವನ್ನ ದನಿ ಅಂತ ಹಿಡಿಯೂದು) ಇಳಸ್ರಿ. ಬರದ ಗೆರೆ ಇದ್ರ ಆ ಜಾಗಾ 0ಗೆ ತರ್ರಿ. ಇಳಿಯೂ ಗೆರೆಗೆ 200 ಮಿಲಿಸೆಕೆಂಡ್ ಕೊಡ್ರಿ, ಥಟ್ಟನ ಕಡದ್ರ ಚೌಡಕಿಯ ತಂತಿಯ ಎಳತ ಕತ್ತರಿಸಿದಂಗ ಕೇಳತೈತಿ.

ಹುನಗುಂದ: ಪೀಕ್ ಕಂಟ್ರೋಲರ್ ಹಾಕಿದ್ರ ಸೌಂಡ್ ಬರವಲ್ತು.

ಎಂಜಿನಿಯರ್: ಮ್ಯೂಟ್. ಮೊದಲನೇ ಉತ್ತರ ಓದ್ರಿ.

ಅಥಣಿ: ಏಬಲ್ಟನ್ ಲೈವ್ ಎನ್ವಲಪ್ ಫಾಲೋವರ್ (ದನಿಯ ಮಟ್ಟ ಹಿಂಬಾಲಿಸೂ ಸಾಧನ) ಒಂದು ಗುಂಡಿಗೆ ಮ್ಯಾಪ್ ಮಾಡಿದ್ರ ಆಟೋಮೇಶನ್ ರೆಕಾರ್ಡ್ ಆಗವಲ್ತು?

ಎಂಜಿನಿಯರ್: ಮ್ಯಾಪ್ ಆದ ಗುಂಡಿ ಫಾಲೋವರಿನ ಕೈಯಾಗ ಇರತೈತಿ, ಆಟೋಮೇಶನ್ ಬರಿಯಂಗಿಲ್ಲ. ಆ ಟ್ರ್ಯಾಕನ್ನ ಆಡಿಯೋ ಆಗಿ ರೆಕಾರ್ಡ್ ಮಾಡಿಕೊಳ್ರಿ.

ಬೀಳಗಿ: ಪೀಕ್ ಕಂಟ್ರೋಲರ್ ಸೌಂಡ್ ಹೋಗೇತ್ರಿ ಮೇಡಂ.

ಎಂಜಿನಿಯರ್: ಮ್ಯೂಟ್.

ಜಮಖಂಡಿ: ಮುಧೋಳದವರು ಕಂಪ್ರೆಸರ್ ಯಾವತ್ತಾದ್ರೂ ಸರಿಯಾಗಿ ಹಚ್ಚಿದಂಗ ಕಾಣಸಂಗಿಲ್ಲ.

ಮುಧೋಳ: ನಿಮಗ ಓದಾಕ ಪುರಸೊತ್ತಿಲ್ಲ, ಮಂದಿಗೆ ಪಾಠ ಹೇಳಾಕ ಬರ್ತೀರಿ. ಮೇಡಂ ಬರದ ಲೆಕ್ಕ ಎಲ್ಲಿ ತಪ್ಪೈತಿ, ಅಂಕಿ ಹಾಕಿ ತೋರಸ್ರಿ.

ಇಂಡಿ: ನಾರ್ಮಲೈಸ್ ಮಾಡಿದ್ರ ನಮಗ ಚಲೋನ ಬಂದೈತಿ.

ಅಡ್ಮಿನ್: ಜಮಖಂಡಿ, ಮುಧೋಳ, ಇಬ್ಬರೂ ಸಾಕು ಮಾಡ್ರಿ.

ಗೋಕಾಕ: ಮೇಡಂ, ಹೇಳಿದಂಗ ಮಾಡೀನ್ರಿ. ಜೋಕಾಲಿ ಹೋತು. ಎರಡನೇ ಪದದ ನಡುವ ಒಂದು ಕಡೆ ಮಾತ್ರ ಇನ್ನೂ ಜಿಗೀತೈತಿ. ಆ ತುಣುಕು ವಾಟ್ಸಾಪಿಗೆ ಕಳಸ್ಲ್ಯಾ?

ಎಂಜಿನಿಯರ್: ಆಡಿಯೋ ಮೆಸೇಜ್ ಬ್ಯಾಡ, ಅದು ದನಿಯನ್ನ ಹಿಂಡಿ ಕಳಸತೈತಿ. 30 ಸೆಕೆಂಡಿನ ವೇವ್ ಫೈಲನ್ನ ಡಾಕ್ಯುಮೆಂಟ್ ಆಗಿ ಹಾಕ್ರಿ, ಈಕ್ಯೂ ಮಾಡಿದ ನಕಲೂ ಕೂಡೇ. ಗಾಯಕರು ಅಲ್ಲಿ ಮೈಕಿನಿಂದ ಮುಖ ತಿರಗಿಸಿದ್ರ ದಪ್ಪಿನ ಪಾಲು ಹೆಚ್ಚಾಗಿರತೈತಿ. ಹಂಗಿದ್ರ ಆ ಎರಡು ಸಾಲಿಗೆ ಗೆರೆ ಕೈಲೆ ಎಳಿಯೂದ.

ತಾಳಿಕೋಟಿ: ಮೊಬೈಲಿನ ಪ್ರಶ್ನೆಗೆ ಯಾರಾದ್ರೂ ಹೇಳ್ರೆಪಾ.