ಚಾಪ್ಲಿನ್, ಕೀಟನ್ ಆಯ್ತು, ಮುಂದೆ ಯಾರು?

ಪ್ರಶ್ನೆ: ದೊಡ್ಡ ಹೆಸರಿನವರ ಮೂಕಿ ಹಾಸ್ಯಚಿತ್ರಗಳನ್ನೆಲ್ಲ ನೋಡಿದ್ದೇನೆ. ಹೆಸರು ಕೇಳದವರಲ್ಲಿ ಯಾರನ್ನು ನೋಡಲಿ? ಆರು ವರ್ಷದ ಮಗಳೂ ಜೊತೆಗಿರುತ್ತಾಳೆ. ಡಿಸ್ಕ್ ಕೊಳ್ಳಬೇಕಾ?

ಹಳೇರೀಲು: ಚಾರ್ಲಿ ಬವರ್ಸ್. 1926ರ 'ಎಗ್ಡ್ ಆನ್'ನಲ್ಲಿ ಮೊಟ್ಟೆಗಳು ಒಡೆದು ಪುಟ್ಟ ಪುಟ್ಟ ಕಾರುಗಳು ಹೊರಬರುತ್ತವೆ. ಈತನ ಹೆಸರೇ ಮರೆತುಹೋಗಿತ್ತು. ಫ್ರಾನ್ಸಿನ ತುಲೂಸ್‌ನಲ್ಲಿ ರೀಲುಗಳು ಸಿಕ್ಕಿದ ಮೇಲೆ ಜನ ಮತ್ತೆ ನೋಡಿದರು. ನಾನು ಫ್ರಾನ್ಸಿನಿಂದ ಡಿಸ್ಕ್ ತರಿಸಿದೆ. ಡಿಸ್ಕಿಗೆ 2,600, ಅಂಚೆಗೆ 1,450, ಸುಂಕ ಬೇರೆ. ಯಾವ ದೇಶಗಳ ಪ್ಲೇಯರಿನಲ್ಲಿ ಓಡಬೇಕು ಅಂತ ಡಿಸ್ಕಿಗೆ ರೀಜನ್ ಸಂಖ್ಯೆ ಇರುತ್ತದೆ. ಬಂದದ್ದು ರೀಜನ್ 2, ನಮ್ಮ ಪ್ಲೇಯರ್ ರೀಜನ್ 5. ಅದಕ್ಕೇ 4,800 ಕೊಟ್ಟು ಇನ್ನೊಂದು ಪ್ಲೇಯರ್ ತಂದೆ. ಆದರೂ ಕೊಂಡದ್ದೇ ಸರಿ. ಆನ್‌ಲೈನ್ ಪ್ರತಿಗಳಲ್ಲಿ ಮುಖವೇ ಕಾಣುವುದಿಲ್ಲ.

ಗ್ರೇವಿಪ್ರಿಯ: ಬವರ್ಸ್‌ದು ಬರೀ ಯಂತ್ರದ ಚಮತ್ಕಾರ. ನಗು ಬೇಕಾದರೆ ಚಾರ್ಲಿ ಚೇಸ್! 'ಮೈಟಿ ಲೈಕ್ ಎ ಮೂಸ್' ನೋಡಿ. ಗಂಡ ಹಲ್ಲು, ಹೆಂಡತಿ ಮೂಗು ಸರಿಮಾಡಿಸಿಕೊಂಡು ಬರುತ್ತಾರೆ. ಇಬ್ಬರಿಗೂ ಪರಸ್ಪರ ಗುರುತೇ ಸಿಗುವುದಿಲ್ಲ, ಆಮೇಲೆ ಗುಟ್ಟಾಗಿ ಪ್ರೇಮ! ಮ್ಯಾಕ್ಸ್ ಡೇವಿಡ್‌ಸನ್‌ನ 'ಪಾಸ್ ದ ಗ್ರೇವಿ'ಯಲ್ಲಿ ಪಕ್ಕದ ಮನೆಯವನ ಬಹುಮಾನದ ಹುಂಜವೇ ಅಡುಗೆಯಾಗಿ ಅವನ ಮುಂದೆ ಬರುತ್ತದೆ. ನಾನು ನಯಾಪೈಸೆ ಕೊಟ್ಟಿಲ್ಲ, ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೇನೆ.

ಹಳೇರೀಲು: ಚಮತ್ಕಾರ ಅಂತೀರಲ್ಲ, ಒಂದೊಂದೇ ಫ್ರೇಮ್ ತೆಗೆದು ಬೊಂಬೆ ಆಡಿಸಿದ ಮನುಷ್ಯ ಅವನು. ಪುಕ್ಕಟೆ ಮಸುಕು ಪ್ರತಿ ನೋಡಿ ತೀರ್ಪು ಕೊಡಬೇಡಿ.

ಮೂಕಿಮೇಷ್ಟ್ರು: ಮೊದಲು ವೇಗ ನೋಡಿ! ಸೆಕೆಂಡಿಗೆ ಕಡಿಮೆ ಫ್ರೇಮಿನಲ್ಲಿ ತೆಗೆದ ಚಿತ್ರವನ್ನು ಸೆಕೆಂಡಿಗೆ 24 ಫ್ರೇಮಿನಂತೆ ಓಡಿಸಿ ಅಪ್‌ಲೋಡ್ ಮಾಡುತ್ತಾರೆ. ಎಲ್ಲರೂ ಇರುವೆಗಳ ಹಾಗೆ ಓಡುತ್ತಾರೆ. ನನ್ನ ಮನೆಯವರು ಹತ್ತೇ ನಿಮಿಷಕ್ಕೆ ಎದ್ದುಹೋದರು, ಇವತ್ತಿಗೂ ಕರೆದರೆ ಬರುವುದಿಲ್ಲ.

ಗ್ರೇವಿಪ್ರಿಯ: ಮೇಷ್ಟ್ರೇ, ವೇಗ ಕಾಣಲಿ ಅಂತಲೇ ಕ್ಯಾಮೆರಾದ ಹಿಡಿ ನಿಧಾನ ತಿರುಗಿಸುತ್ತಿದ್ದರು. ಓಟವೇ ಹಾಸ್ಯ. ನಿಮ್ಮ ಲೆಕ್ಕದಲ್ಲಿ ನಿಧಾನ ಮಾಡಿದರೆ ಬಿದ್ದವನು ನಿಜವಾಗಿ ಪೆಟ್ಟು ತಿಂದ ಹಾಗೆ ಕಾಣುತ್ತದೆ.

ಮೂಕಿಮೇಷ್ಟ್ರು: ಎಲ್ಲ ಚಿತ್ರಕ್ಕೂ ಒಂದೇ ಮಾತು ಹೇಳಬೇಡಿ. ಚೇಸ್‌ನ ಅರ್ಧ ಹಾಸ್ಯ ಮುಖದಲ್ಲಿದೆ. ಅದನ್ನು ಓಡಿಸಿದರೆ ಏನು ಉಳಿಯುತ್ತದೆ?

ಹಾಲುಗಲ್ಲ: ಜಗಳ ಸಾಕು. 1937ರಲ್ಲಿ ನ್ಯೂಜೆರ್ಸಿಯ ಲಿಟಲ್ ಫೆರಿಯಲ್ಲಿ ಫಾಕ್ಸ್ ಚಿತ್ರ ಕಂಪನಿಯ ಫಿಲ್ಮ್ ಗೋದಾಮು ಹೊತ್ತಿ ಉರಿಯಿತು. ಆ ಕಂಪನಿಯ ಮೂಕಿಗಳಲ್ಲಿ ಬಹುಪಾಲು ಹೋಯ್ತು. ಉಳಿದದ್ದನ್ನು ಸಿಕ್ಕ ವೇಗದಲ್ಲಿ ನೋಡಿ. ನನ್ನ ಮಗನಿಗೆ ಮೊಟ್ಟೆ ಕಾರು ತೋರಿಸಿದೆ, ಊಟ ಬಿಟ್ಟು ಕೂತ.

ಮೂಕಿಮೇಷ್ಟ್ರು: ಸಿಕ್ಕ ವೇಗದಲ್ಲಿ ಅಂದ್ರೆ? ಉಳಿದದ್ದು ಅಷ್ಟೇ ಅಂತಲೇ ಸರಿಯಾಗಿ ನೋಡಬೇಕು ಅನ್ನೋದು!