ತುವಾಲು ದೇಶಕ್ಕೆ ಮಳೆನೀರಿನ ತೊಟ್ಟಿ, ಶೋಧಕ ಕಳಿಸಬೇಕೆಂದಿದ್ದೇವೆ. ದಾರಿ ಯಾವುದು?

ಸೂರುನೀರು, ಸಾಗರ

ಸಾಗರ, ಹೊಸನಗರದ ಕಡೆ ಸೂರಿನ ನೀರು ಹಿಡಿದು ಕೊಡುವ ಕೆಲಸ ಮಾಡುವ ಸಣ್ಣ ಟ್ರಸ್ಟ್ ನಮ್ಮದು. ಫೆರೋಸಿಮೆಂಟ್ (ತಂತಿಜಾಲರಿಗೆ ಗಾರೆ ಮೆತ್ತಿದ) ತೊಟ್ಟಿ, ಮರಳು-ಇದ್ದಿಲ ಶೋಧಕ, ಸೂರಿಗೆ ಕಟ್ಟುವ ದೋಣಿ, ಇವೆಲ್ಲ ನಮ್ಮ ಗಾರೆಯವರ ಕೈಕೆಲಸ. ಪೆಸಿಫಿಕ್ ಸಾಗರದ ತುವಾಲು ದೇಶಕ್ಕೆ ಇದನ್ನು ತಲುಪಿಸುವ ಆಲೋಚನೆ ಇದೆ. ಒಟ್ಟು 26 ಚದರ ಕಿಲೋಮೀಟರ್ ನೆಲ, ಸುಮಾರು 11 ಸಾವಿರ ಜನ. ಹೊಳೆ ಇಲ್ಲ, ಹಳ್ಳ ಇಲ್ಲ, ಕುಡಿಯುವುದು ಮಳೆನೀರನ್ನೇ. ರಾಜಧಾನಿ ಫುನಾಫುಟಿಯಲ್ಲಿ ವರ್ಷಕ್ಕೆ 3,500 ಮಿ.ಮೀ. ಆಸುಪಾಸು ಮಳೆ, ಅಂದರೆ ಮಲೆನಾಡಿನವರಿಗೆ ಪರಿಚಯದ ಮಳೆಯೇ.

ಮೊದಲ ಕಂತಿನಲ್ಲಿ 20 ತೊಟ್ಟಿ, 100 ಶೋಧಕ ಅಂದುಕೊಂಡಿದ್ದೇವೆ. ಭಾರತ ಸರ್ಕಾರದ ಯಾವ ಯೋಜನೆಯಲ್ಲಿ ಹಣ ಸಿಗುತ್ತದೆ? ನಾವೇ ನೇರವಾಗಿ ಕಳಿಸಬಹುದೇ? ತಾಂತ್ರಿಕವಾಗಿ ಏನಾದರೂ ಎಡವಟ್ಟು ಇದೆಯೇ? ತಿಳಿದವರು ಹೇಳಿ.

ಕಡತಮಾವ, ಶಿವಮೊಗ್ಗ

ಮೊದಲು ಒಂದು ಮಾತು. ದೇಶ-ದೇಶದ ನೆರವಿನಲ್ಲಿ ಕೊಡುವವನ ಅರ್ಜಿಗೆ ಬೆಲೆಯಿಲ್ಲ, ಕೇಳುವವನ ಅರ್ಜಿಗೆ ಮಾತ್ರ. ತುವಾಲು ಸರ್ಕಾರ "ನಮಗಿದು ಬೇಕು" ಎಂದು ಬರೆದರಷ್ಟೇ ಕಡತ ಹುಟ್ಟುತ್ತದೆ. ಅಲ್ಲಿ ನಮ್ಮ ರಾಯಭಾರ ಕಚೇರಿ ಇಲ್ಲ, ಫಿಜಿಯ ಸುವಾದಲ್ಲಿರುವ ಭಾರತದ ಹೈಕಮಿಷನ್ನೇ ತುವಾಲುವನ್ನೂ ನೋಡಿಕೊಳ್ಳುತ್ತದೆ. ಹಾಗಾಗಿ ಫುನಾಫುಟಿಯ ಇಲಾಖೆಯಿಂದ ಸುವಾಕ್ಕೆ, ಅಲ್ಲಿಂದ ದೆಹಲಿಗೆ, ಇದೇ ದಾರಿ. ಸಾಗರದಿಂದ ದೆಹಲಿಗೆ ಬರೆದ ಕಾಗದ ಇದ್ದಲ್ಲೇ ಇರುತ್ತದೆ.

ಹಣದ ಬಾಬತ್ತು. ಭಾರತ ಮತ್ತು 14 ಪೆಸಿಫಿಕ್ ದ್ವೀಪ ದೇಶಗಳ ವೇದಿಕೆ 2014ರ ನವೆಂಬರಿನಲ್ಲಿ ಸುವಾದಲ್ಲಿ ಶುರುವಾಯಿತು. ಒಂದೊಂದು ದೇಶಕ್ಕೆ ವರ್ಷಕ್ಕೆ 1.25 ಲಕ್ಷ ಡಾಲರ್ ಇದ್ದ ಅನುದಾನವನ್ನು ಆಗ 2 ಲಕ್ಷ ಡಾಲರಿಗೆ ಏರಿಸಿದರು. ನಿಮ್ಮ ಗಾತ್ರದ ಕೆಲಸಕ್ಕೆ ಹೊಂದುವುದು ಇದು. ಇದಲ್ಲದೆ 2017ರಲ್ಲಿ ಆರಂಭವಾದ ಭಾರತ–ವಿಶ್ವಸಂಸ್ಥೆ ಅಭಿವೃದ್ಧಿ ಪಾಲುದಾರಿಕೆ ನಿಧಿ ಇದೆ, ಆದರೆ ಅದರ ಯೋಜನೆಗಳನ್ನು ನಡೆಸುವುದು ವಿಶ್ವಸಂಸ್ಥೆಯ ಅಂಗಸಂಸ್ಥೆಗಳು, ಟ್ರಸ್ಟ್‌ಗಳಲ್ಲ. 2023ರ ಮೇ ತಿಂಗಳಲ್ಲಿ ಪೋರ್ಟ್ ಮೊರೆಸ್ಬಿಯಲ್ಲಿ ಪ್ರಧಾನಿ ಘೋಷಿಸಿದ ಪಟ್ಟಿಯಲ್ಲಿ ಪ್ರತಿ ದ್ವೀಪ ದೇಶಕ್ಕೂ ಉಪ್ಪುನೀರು ಸಿಹಿ ಮಾಡುವ ಘಟಕ ಎಂದೂ ಇತ್ತು. ನಿಮ್ಮ ಪ್ರಸ್ತಾವ ಅದಕ್ಕೆ ಎದುರಾಳಿಯಂತೆ ಕಾಣಬಾರದು, ಪೂರಕವಾಗಿ ಬರೆಸಿ.

ಟ್ರಸ್ಟಿನ ಹಣದಲ್ಲೇ ಕಳಿಸುವ ಯೋಚನೆ ಇದ್ದರೆ ಅಲ್ಲೇ ನಿಲ್ಲಿ. ಧರ್ಮಾರ್ಥ ಟ್ರಸ್ಟಿನ ವರಮಾನವನ್ನು ಭಾರತದ ಹೊರಗೆ ಖರ್ಚು ಮಾಡಿದರೆ ಆ ಮೊತ್ತಕ್ಕೆ ತೆರಿಗೆ ವಿನಾಯಿತಿ ಸಿಗದು. 1961ರ ಆದಾಯ ತೆರಿಗೆ ಕಾಯ್ದೆಯ 11(1)(ಸಿ) ಪ್ರಕಾರ ನೇರ ತೆರಿಗೆ ಮಂಡಳಿಯ ಆದೇಶ ಬೇಕು. ಹೊಸ ಕಾಯ್ದೆಯಲ್ಲಿ ಕಲಮಿನ ಸಂಖ್ಯೆ ಬೇರೆ, ಆಡಿಟರನ್ನು ಕೇಳಿ. ಬಹಳ ಟ್ರಸ್ಟ್‌ಗಳು ವಿದೇಶಿ ದೇಣಿಗೆ ಕಾಯ್ದೆಯ ಚಿಂತೆಯಲ್ಲೇ ಮುಳುಗಿರುತ್ತವೆ. ಅದು ಹೊರಗಿನಿಂದ ಬರುವ ಹಣಕ್ಕೆ, ನಿಮ್ಮದು ಒಳಗಿನಿಂದ ಹೋಗುವ ಹಣ.

ಗಾರೆ ಲೆಕ್ಕ, ತೀರ್ಥಹಳ್ಳಿ

ಫೆರೋಸಿಮೆಂಟ್ ತೊಟ್ಟಿ ಅಲ್ಲಿ ಬೇಡವೇ ಬೇಡ. ಇಲ್ಲಿ ನಮಗೆ ಹೊಳೆ ಮರಳೋ, ತೊಳೆದ ಎಂ-ಸ್ಯಾಂಡೋ ಇದೆ. ಅಲ್ಲಿ ಇರುವುದು ಹವಳದ ಮರಳು, ಉಪ್ಪು ತುಂಬಿದ್ದು. ಫೆರೋಸಿಮೆಂಟಿನಲ್ಲಿ ಜಾಲರಿಯ ಮೇಲಿನ ಗಾರೆ ಕೆಲವೇ ಮಿಲಿಮೀಟರ್ ದಪ್ಪ. ಉಪ್ಪಿನ ಕ್ಲೋರೈಡ್ ಒಳಗೇ ಇದ್ದರೆ ಜಾಲರಿ ತುಕ್ಕು ಹಿಡಿದು ಉಬ್ಬುತ್ತದೆ, ಗಾರೆ ಹೊಪ್ಪಳೆ ಏಳುತ್ತದೆ. ತೊಳೆಯೋಣ ಎಂದರೆ ತೊಳೆಯಲು ಸಿಹಿನೀರೆಲ್ಲಿ? ಮರಳು, ಜಲ್ಲಿಯನ್ನೂ ಹೊರಗಿನಿಂದ ತರುವ ಊರು ಅದು.

ತೊಟ್ಟಿಯ ಕೊರತೆಯೂ ಅಷ್ಟಿಲ್ಲ. ಫುನಾಫುಟಿಯ ಬಹಳ ಮನೆಗಳಲ್ಲಿ ಐರೋಪ್ಯ ಒಕ್ಕೂಟದ ನೆರವಿನಿಂದ ಬಂದ 10,000 ಲೀಟರಿನ ಪ್ಲಾಸ್ಟಿಕ್ ತೊಟ್ಟಿಗಳಿವೆ. ಸೋರುವುದು ತೊಟ್ಟಿಗಿಂತ ಮೊದಲು, ಸೂರಿನಲ್ಲಿ. ಲೆಕ್ಕ ಹಾಕಿ ನೋಡಿ. 100 ಚದರ ಮೀಟರ್ ಮಾಡು (ಛಾವಣಿ), ಮಳೆ ತುಸು ಕಡಿಮೆಯಾದ ತಿಂಗಳಲ್ಲಿ 200 ಮಿ.ಮೀ. ಮಳೆ, ನೂರಕ್ಕೆ 80 ಕೈಗೆ ಸಿಕ್ಕರೂ 16,000 ಲೀಟರ್. ಆರು ಜನರ ಮನೆಗೆ ತಲೆಗೆ 50 ಲೀಟರಿನಂತೆ ತಿಂಗಳಿಗೆ 9,000 ಸಾಕು. ಈಗ ದೋಣಿ ಮಾಡಿನ ಒಂದೇ ಮಗ್ಗುಲಿಗಿದೆ ಅಥವಾ ಇನ್ನೊಂದು ಮಗ್ಗುಲಿನದು ಕಳಚಿದೆ ಎಂದುಕೊಳ್ಳಿ. ಸಿಗುವುದು 8,000. ಅಂದರೆ ಮಳೆ ಬರುವ ತಿಂಗಳಲ್ಲೇ ಸಾವಿರ ಲೀಟರ್ ಸಾಲ! ಮೇಲೆ ಇನ್ನೊಂದು ತೊಟ್ಟಿ ಇಟ್ಟರೆ ಅದೂ ಖಾಲಿಯೇ.

ಮಳೆ ಪೂರ್ತಿ ಕೈಕೊಟ್ಟಾಗ ಮಾತು ಬೇರೆ. ತುಂಬಿದ 10,000 ಲೀಟರ್ ಅದೇ ಮನೆಗೆ 33 ದಿನ. ಪೂರ್ವ ಪೆಸಿಫಿಕ್ ಕಡಲು ತಂಪಾಗುವ ಲಾ ನಿನಾ ವರ್ಷಗಳಲ್ಲಿ ಅಲ್ಲಿ ಒಣಹವೆ ಅದಕ್ಕಿಂತ ಉದ್ದ ಎಳೆಯುತ್ತದೆ. 2011ರಲ್ಲಿ ತುರ್ತು ಪರಿಸ್ಥಿತಿ ಘೋಷಿಸಿ ಫುನಾಫುಟಿಯಲ್ಲಿ ಮನೆಗೆ ದಿನಕ್ಕೆ ಎರಡು ಬಕೆಟ್, 40 ಲೀಟರಿಗೆ ಇಳಿಸಿದ್ದರು. ಬಾವಿ ತೋಡಿ ಎನ್ನುವಂತಿಲ್ಲ. ನೆಲದಡಿಯ ಸಿಹಿನೀರು ಉಪ್ಪುನೀರಿನ ಮೇಲೆ ತೇಲುವ ತೆಳು ಪದರ, ಅದಕ್ಕೂ ಶೌಚಗುಂಡಿಯ ನೀರು ಸೇರುತ್ತದೆ. ಅವರ ಪುಲಕ ಗೆಡ್ಡೆ (ನಮ್ಮ ಕೆಸುವಿನ ದೊಡ್ಡಣ್ಣ ಅನ್ನಿ) ಬೆಳೆಯುವ ಗುಂಡಿಗಳಿಗೇ ಉಪ್ಪು ನುಗ್ಗಿದೆ.

ಹಾಗಾಗಿ ಕೆಲಸ ಇರುವುದು ದೋಣಿಯಲ್ಲಿ. ಜಿಐ ತಗಡಿನ ದೋಣಿ ಕಡಲಗಾಳಿಗೆ ಬಾಳುವುದಿಲ್ಲ. ಯುಪಿವಿಸಿ ದೋಣಿಗೆ ಯುಪಿವಿಸಿಯದೇ ಬ್ರ್ಯಾಕೆಟ್ ಹಾಕಿ, ಬಿಸಿಲಿಗೆ ತಿಳಿಬಣ್ಣ ಬಳಿಯಿರಿ. ಅಲ್ಯೂಮಿನಿಯಂ-ಸತು ಲೇಪದ ಶೀಟಿಗೆ ಸೀಸದ ಪಟ್ಟಿ, ತಾಮ್ರದ ಪೈಪು ತಾಗಿಸಲೇಬಾರದು, ಆ ನೀರು ಹರಿದ ಜಾಡಿನಲ್ಲೇ ಶೀಟು ತೂತು ಬೀಳುತ್ತದೆ. "ಒಳ್ಳೇದು" ಎಂದು ಸ್ಟೇನ್‌ಲೆಸ್ ಸ್ಕ್ರೂ ಹೊಡೆಯುವುದೂ ಆ ಶೀಟಿಗೆ ಕೆಡುಕೇ.

ಮಾಡಿನ ಮೊದಲ ಕೊಳೆನೀರು ತೊಟ್ಟಿಗೆ ಹೋಗದಂತೆ ಹಿಡಿಯುವ ಪೈಪು: ಚದರ ಮೀಟರಿಗೆ ಅರ್ಧ ಲೀಟರಿನಂತೆ 100 ಚ.ಮೀ.ಗೆ 50 ಲೀಟರ್. 160 ಮಿ.ಮೀ. ಪೈಪಿನಲ್ಲಿ ಸುಮಾರು 3 ಮೀಟರ್ ನಿಲ್ಲಿಸಿದರೆ ಅಷ್ಟು ಹಿಡಿಯುತ್ತದೆ. 110ರದ್ದಾದರೆ 6 ಮೀಟರ್ ಬೇಕು, ಅಷ್ಟೆತ್ತರದ ಗೋಡೆ ಅಲ್ಲಿಲ್ಲ. ತಳದಲ್ಲಿ ಹನಿ ಬಿಡುವ ಸಣ್ಣ ತೂತು ಕಟ್ಟಿಕೊಂಡರೆ ಪೈಪು ಸದಾ ತುಂಬಿಯೇ ಇದ್ದು ಮುಂದಿನ ಮಳೆಯ ಕೊಳೆಯೆಲ್ಲ ತೊಟ್ಟಿಗೆ. ತಳಕ್ಕೆ ಬಿಚ್ಚುವ ಮುಚ್ಚಳ ಇರಲಿ. ನಿಮ್ಮ ಮರಳು-ಇದ್ದಿಲ ಶೋಧಕ ಬಿಟ್ಟುಬಿಡಿ: ಇದ್ದಿಲು ಬದಲಿಸುವವರಿಲ್ಲದ ಕಡೆ ಅದು ಕ್ರಿಮಿಗಳ ಗೂಡು. ಒಳದಾರಿಗೆ 1 ಮಿ.ಮೀ.ಗಿಂತ ದೊಡ್ಡ ಕಣ್ಣಿಲ್ಲದ ಸೊಳ್ಳೆಜಾಲರಿ, ನಲ್ಲಿ ತಳದಿಂದ 10 ಸೆಂ.ಮೀ. ಮೇಲೆ, ಇಷ್ಟು ಸಾಕು.

ಹಡಗುಲೆಕ್ಕ, ಕೊಪ್ಪ

ಸಾಗಣೆ ವಿಷಯ. 10,000 ಲೀಟರಿನ ತೊಟ್ಟಿ ಕಳಿಸುವುದೆಂದರೆ ಗಾಳಿಗೆ ಬಾಡಿಗೆ ಕೊಟ್ಟಂತೆ. 20 ಅಡಿ ಕಂಟೇನರಿನ ಬಾಗಿಲು ಸುಮಾರು 2.34 ಮೀಟರ್ ಅಗಲ, 2.28 ಎತ್ತರ, ಒಳಗಿನ ಉದ್ದ 5.9. ತೊಟ್ಟಿಯ ವ್ಯಾಸ 2.28 ಮೀಟರಿಗಿಂತ ಕಡಿಮೆ ಇದ್ದರೆ ಮಲಗಿಸಿ ಹೆಚ್ಚೆಂದರೆ ಎರಡು ಕೂರುತ್ತವೆ, ಇಲ್ಲವೆಂದರೆ ಬಾಗಿಲೇ ದಾಟುವುದಿಲ್ಲ. ಪ್ಲಾಸ್ಟಿಕ್ ತೊಟ್ಟಿ ಫಿಜಿಯಲ್ಲೇ ತಯಾರಾಗುತ್ತದೆ, ಬೇಕಿದ್ದರೆ ಅಲ್ಲಿ ಕೊಳ್ಳಿ. ಪೈಪು, ದೋಣಿ, ಬ್ರ್ಯಾಕೆಟ್ ಕೂಡ ಸುವಾದಲ್ಲಿ ಬಿಡಿಭಾಗ ಸಿಗುವ ಅಳತೆಯದ್ದೇ ಇರಲಿ. ಇಲ್ಲಿಂದ ಹೋದ ಒಂದು ಜಾಯಿಂಟ್ ಒಡೆದರೆ ಇನ್ನೊಂದು ತೀರ್ಥಹಳ್ಳಿಯಿಂದ ಬರಬೇಕಾಗುತ್ತದೆ.

ಮರದ ಪ್ಯಾಲೆಟ್, ಪೆಟ್ಟಿಗೆಗೆ ಐಎಸ್‌ಪಿಎಂ 15ರ (ಮರದ ಪ್ಯಾಕಿಂಗ್‌ಗಿರುವ ಅಂತರರಾಷ್ಟ್ರೀಯ ನಿಯಮ) ಮುದ್ರೆ ಬೇಕು: ತಿರುಳಿನವರೆಗೆ 56 ಡಿಗ್ರಿ, 30 ನಿಮಿಷ ಬಿಸಿ ಮಾಡಿದ್ದು. ತೊಗಟೆ ಇದ್ದ ಹಲಗೆ ಹಾಕಬೇಡಿ. ತೆಂಗಿನ ನಾರು, ಅಡಿಕೆ ಹಾಳೆ, ಹುಲ್ಲನ್ನು ಒತ್ತಿಗೆಗೆ ತುರುಕುವ ನಮ್ಮ ಅಭ್ಯಾಸ ಅಲ್ಲಿ ನಡೆಯದು. ತೆಂಗೇ ಜೀವನಾಧಾರವಾದ ದ್ವೀಪಕ್ಕೆ ಗಿಡದ ರೋಗ-ಹುಳ ಹೋದರೆ ಮುಗಿಯಿತು. ಬ್ಲೀಚಿಂಗ್ ಪುಡಿಯೂ ಜೊತೆಗೆ ಹೋಗಲಿ ಎಂದು ಮೂಲೆಯಲ್ಲಿಡಬೇಡಿ, ಅದು ಅಪಾಯಕಾರಿ ಸರಕು, ಬೇರೆ ಘೋಷಣೆ, ಬೇರೆ ಪ್ಯಾಕಿಂಗ್.

ಬಹುತೇಕ ಹೊರದ್ವೀಪಗಳಿಗೆ ಹಡಗು ನಿಲ್ಲುವ ಕಟ್ಟೆ ಇಲ್ಲ. ಹವಳದ ದಿಬ್ಬದಾಚೆ ಹಡಗು ನಿಂತು ಸಣ್ಣ ದೋಣಿಗೆ ಇಳಿಸಬೇಕು (ಇದು ತೇಲುವ ದೋಣಿ, ಗಾರೆಯವರದ್ದಲ್ಲ). ನಾಲ್ಕು ಜನ ಎತ್ತಲಾಗದ ಗಂಟು ಕಟ್ಟಲೇಬಾರದು.

ಸೂರುನೀರು, ಸಾಗರ

ತೊಟ್ಟಿ, ಶೋಧಕ ಎರಡೂ ಪಟ್ಟಿಯಿಂದ ಹೋಯಿತು ಮಾರಾಯ್ರೆ! ಹಾಗಾದರೆ ಅಲ್ಲಿಯವರನ್ನು ಇಲ್ಲಿಗೆ ಕರೆಸಿ ದೋಣಿ ಕೆಲಸ ಕಲಿಸಬಹುದೇ? ಇನ್ನೊಂದು: ಇರುವ ತೊಟ್ಟಿಗೆ ಕ್ಲೋರಿನ್ ಎಷ್ಟು?

ಕಡತಮಾವ, ಶಿವಮೊಗ್ಗ

ಕರೆಸಬಹುದು. ಬೇರೆ ದೇಶದವರಿಗೆ ತರಬೇತಿ ಕೊಡಲು 1964ರಿಂದ ಇರುವ ಐಟೆಕ್ ಯೋಜನೆಯಲ್ಲಿ ವಿಮಾನದ ಟಿಕೆಟ್, ವಸತಿ, ಶುಲ್ಕ, ಭತ್ಯೆ ಎಲ್ಲ ಭಾರತದ್ದೇ. ಆದರೆ ತರಬೇತಿ ಕೊಡುವ ಸಂಸ್ಥೆ ವಿದೇಶಾಂಗ ಸಚಿವಾಲಯದ ಪಟ್ಟಿಯಲ್ಲಿರಬೇಕು. ನೀವು ಅಂಥ ಸಂಸ್ಥೆಯ ಬೆನ್ನಿಗೆ ನಿಂತು ಕೈಕೆಲಸದ ಭಾಗ ವಹಿಸಿಕೊಳ್ಳಿ. ಹೆಸರು ಸೂಚಿಸುವುದು ಮತ್ತೆ ಆ ದೇಶದ ಸರ್ಕಾರವೇ. ಕಚೇರಿಯವರನ್ನೇ ಕಳಿಸದಂತೆ, ದ್ವೀಪದ ಆಡಳಿತ ಮಂಡಳಿ (ಅವರು ಕಾಉಪುಲೆ ಎನ್ನುತ್ತಾರೆ) ಆರಿಸಿದ ಕೆಲಸದವರು ಬರಲಿ ಎಂದು ಮೊದಲ ಪತ್ರದಲ್ಲೇ ಬರೆಸಿ. ರಾಜಸ್ಥಾನದ ತಿಲೋನಿಯಾದಲ್ಲಿ ಹಳ್ಳಿ ಹೆಂಗಸರಿಗೆ ಸೌರದೀಪದ ಕೆಲಸ ಕಲಿಸಿದ್ದು ಇದೇ ಐಟೆಕ್‌ನಲ್ಲಿ, ಓದು-ಬರಹ ಅಡ್ಡಿಯಾಗಲಿಲ್ಲ.

ಗಾರೆ ಲೆಕ್ಕ, ತೀರ್ಥಹಳ್ಳಿ

ಲೀಟರಿಗೆ 5 ಮಿ.ಗ್ರಾಂ ಹಿಡಿದರೆ 10,000 ಲೀಟರಿಗೆ 50 ಗ್ರಾಂ ಕ್ಲೋರಿನ್. 33%ನ ಹೊಸ ಬ್ಲೀಚಿಂಗ್ ಪುಡಿ 150 ಗ್ರಾಂ, ಹಳೆಯದಾಗಿ 25%ಗೆ ಇಳಿದಿದ್ದರೆ 200. ಬಕೆಟ್ಟಿನಲ್ಲಿ ಕಲಸಿ, ಗಸಿ ತಳಕ್ಕಿಳಿದ ಮೇಲೆ ತಿಳಿ ಮಾತ್ರ ಹುಯ್ಯಿ, 24 ಗಂಟೆ ಮುಟ್ಟಬೇಡಿ. ತೊಟ್ಟಿ ಅರ್ಧ ಇದ್ದರೆ ಪುಡಿಯೂ ಅರ್ಧ. ಎಲ್ಲರೂ ತಪ್ಪುವುದು ಅಲ್ಲೇ, ತೊಟ್ಟಿಯ ಮೇಲೆ ಬರೆದ ಲೀಟರ್ ನೋಡಿ ಹಾಕುತ್ತಾರೆ.