ಹೇಮಾವತಿ ಹಿನ್ನೀರಿಗೆ ಫೈಬರ್ ಬೋಟ್ ಬಿಟ್ಟು ಅಲ್ಯುಮಿನಿಯಂ ತಗೋಬೋದಾ?

ಹಿನ್ನೀರು ಹುಡ್ಗ: ಎಲ್ರಿಗೂ ನಮಸ್ಕಾರ. ಗೊರೂರು ಡ್ಯಾಂ ಹಿನ್ನೀರಲ್ಲಿ ಶೆಟ್ಟಿಹಳ್ಳಿ ಚರ್ಚ್ ಕಡೆ ಬಲೆ ಬಿಡ್ತೀವಿ, ಈಗಿರೋದು ಫೈಬರ್ ಬೋಟು. ಬೇಸಿಗೇಲಿ ನೀರು ಇಳಿದ್ರೆ ತಳ ಕಲ್ಲಿಗೆ ಉಜ್ಜಿ ಉಜ್ಜಿ ಜೆಲ್‌ಕೋಟ್ (ಮೇಲಿನ ನುಣುಪು ಲೇಪ) ಹೋಗಿ ಒಳಗಿನ ನಾರು ಕಾಣ್ತಿದೆ, ದಡಕ್ಕೆ ಎಳೆಯೋಕೂ ಭಾರ. ಅಲ್ಯುಮಿನಿಯಂ ತುಕ್ಕು ಹಿಡಿಯುತ್ತಾ?

ಸಕಲೇಶಪುರದವ: ಧೈರ್ಯವಾಗಿ ತಗೋ ಅಣ್ಣ. ಕಲ್ಲಿಗೆ ತಗುಲಿದ್ರೆ ಸಾಮಾನ್ಯವಾಗಿ ತಗ್ಗು ಬೀಳುತ್ತೆ, ಫೈಬರ್ ಥರ ಬಿರುಕು ಬಿಡೋದು ಕಮ್ಮಿ. ಶೀಟು ಮಾತ್ರ ಬೋಟಿಗೆ ಬಳಸೋ 5052 ಇಲ್ಲಾ 5083 ಗ್ರೇಡ್ ಅಲ್ಯುಮಿನಿಯಮ್ಮೇ ಇರ್ಲಿ, ಪಾತ್ರೆ ಮಾಡೋ ಶೀಟಲ್ಲಿ ಮಾಡ್ಕೊಡ್ತೀವಿ ಅಂದ್ರೆ ಬೇಡ ಅನ್ನು. ರಿವೆಟ್ ಬೋಟಾದ್ರೆ ವರ್ಷ ಕಳೆದಂಗೆ ರಿವೆಟ್ ಸಡಿಲ ಆಗಿ ನೀರು ಜಿನುಗುತ್ತೆ, ವೆಲ್ಡಿಂಗ್‌ದು ವಾಸಿ, ಆದ್ರೆ ಆ ವೆಲ್ಡಿಂಗ್ ಎಲ್ಲರ ಕೈಲೂ ಆಗಲ್ಲ.

ಮೀನ್‌ಪ್ರೇಮಿ ಹಾಸನ: ಹಗುರ ಅನ್ನೋದೇ ತೊಂದರೆನೂ ಹೌದು ಕಣ್ರೀ. ಗಾಳಿ ಎದ್ದಾಗ ಪಕ್ಕಕ್ಕೆ ತಳ್ಕೊಂಡು ಹೋಗುತ್ತೆ, ಲಂಗರು ಇಟ್ಕೊಳ್ಳಿ. ಹುಟ್ಟು ತಗುಲಿದ್ರೂ ಢಣ್ ಅನ್ನುತ್ತೆ, ಗಾಳ ಹಾಕೋರಿಗೆ ಅದು ಕಿರಿಕಿರಿ, ಒಳಗೆ ರಬ್ಬರ್ ಮ್ಯಾಟ್ ಹಾಸಿದ್ರೆ ಸದ್ದೂ ಕಮ್ಮಿ, ಮಧ್ಯಾಹ್ನ ಕಾಲೂ ಸುಡಲ್ಲ.

ವೆಲ್ಡರ್ ಅರಕಲಗೂಡು: ಕಬ್ಬಿಣದ ಥರ ತುಕ್ಕು ಹಿಡಿಯಲ್ಲ ಸರ್. ಆದ್ರೆ ತಾಮ್ರ, ಹಿತ್ತಾಳೆ ತಾಗ್ಕೊಂಡು ಒದ್ದೆ ಇದ್ರೆ ಅಲ್ಯುಮಿನಿಯಂ ಸವೆದು ಗುಳಿ ಬೀಳುತ್ತೆ, ಬಿಳಿ ಪುಡಿ ಕಂಡ್ರೆ ಹುಷಾರು. ತಾಮ್ರ ಇರೋ ಪೇಂಟ್ ಹೊಡಿಬೇಡಿ, ಸ್ಟೀಲ್ ಬೋಲ್ಟಿಗೆ ನೈಲಾನ್ ವಾಷರ್ ಹಾಕಿ. ಹಳೇ ಫೈಬರ್ ಬೋಟನ್ನ ಮಾರೋ ಮುಂಚೆ ಚೆನ್ನಾಗಿ ಒಣಗ್ಸಿ, ನಾರು ಕಂಡಿರೋ ಕಡೆ ಫೈಬರ್ ಮ್ಯಾಟ್, ರೆಸಿನ್ (ಅದನ್ನ ಅಂಟ್ಸಿ ಗಟ್ಟಿ ಮಾಡೋ ಅಂಟು) ಹಾಕ್ಸಿ, ಇಲ್ದಿದ್ರೆ ನೀರು ಕುಡಿದು ಇನ್ನೂ ಭಾರ ಆಗುತ್ತೆ.

ಹಿನ್ನೀರು ಹುಡ್ಗ: ಥ್ಯಾಂಕ್ಸ್ ಎಲ್ರಿಗೂ. ವೆಲ್ಡಿಂಗ್‌ದೇ ನೋಡ್ತೀನಿ, ಈ ಮಳೆಗಾಲ ಕಳೀಲಿ.